ಮಲಪ್ರಭೆಯ ದಂಡೆಯ ಸಂಗೀತದಲ್ಲಿ ದೂರದ ಪ್ರಶ್ನೆ: ಧ್ವನಿಮುದ್ರಿಕೆಯಿಂದ ಡಿಜಿಟಲ್ ಸಹಗಾನದವರೆಗೆ

೧

ದೂರದೂರದ ಊರುಗಳಲ್ಲಿರುವ ಗಾಯಕರೂ ವಾದಕರೂ ಒಂದೆಡೆಗೆ ಬಾರದೆಯೇ ಕೂಡಿ ಹಾಡುವುದು, ಕೂಡಿ ನುಡಿಸುವುದು, ಒಬ್ಬರಿಂದೊಬ್ಬರು ಕಲಿಯುವುದು ಈಚಿನ ಮೂರು ದಶಕಗಳಲ್ಲಿ ಸಾಧ್ಯವಾಗಿದೆ. ಧ್ವನಿಯನ್ನು ಅಂಕಿಗಳನ್ನಾಗಿ ಮಾರ್ಪಡಿಸಿ, ಆ ಅಂಕಿಗಳನ್ನು ತಂತಿಯ ಮೂಲಕವಾಗಲಿ ಆಕಾಶದ ಮೂಲಕವಾಗಲಿ ಕಳುಹಿಸಿ, ಇನ್ನೊಂದು ಕಡೆಯಲ್ಲಿ ಅವನ್ನು ಮರಳಿ ಧ್ವನಿಯನ್ನಾಗಿಸುವ ಡಿಜಿಟಲ್ ತಂತ್ರವು ಇದಕ್ಕೆ ಕಾರಣವಾಗಿದೆ. ಈ ಬದಲಾವಣೆಯನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ದೂರವೆಂಬುದೇ ಅಳಿದುಹೋಯಿತೆಂದು ಕೆಲವರು ಹರ್ಷಿಸುತ್ತಾರೆ. ಸಂಗೀತವೇ ಅಳಿದುಹೋಗುವುದೆಂದು ಮತ್ತೆ ಕೆಲವರು ಮರುಗುತ್ತಾರೆ. ಈ ಎರಡೂ ಮಾತುಗಳ ಹಿಂದೆ ಇತಿಹಾಸದ ಅರಿವು ಸಾಲದೆಂದು ನಮಗೆ ತೋರುತ್ತದೆ.

ದೂರದ ಪ್ರಶ್ನೆಯು ಸಂಗೀತಕ್ಕೆ ಹೊಸದಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಸಾಧನವು ಬಂದು ಆ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ಆ ಉತ್ತರಗಳ ಪರಂಪರೆಯನ್ನು ಒಂದು ಚಿಕ್ಕ ಪ್ರದೇಶವನ್ನು ಕಣ್ಣ ಮುಂದಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಮಲಪ್ರಭೆಯ ದಂಡೆಯ ಮುನವಳ್ಳಿ ಮತ್ತು ಅದರ ಸುತ್ತಣ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ನಾಡು; ಅದರ ನೆರೆಯ ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗ, ಬೆಳಗಾವಿಗಳ ಸಂಗೀತಕ್ಷೇತ್ರ. ಹಿಂದುಸ್ತಾನಿ ಸಂಗೀತವು ಕನ್ನಡ ನೆಲದಲ್ಲಿ ಬೇರೂರಿದ್ದು ಈ ಕ್ಷೇತ್ರದಲ್ಲಿಯೇ. ಜಾನಪದ ಗಾನಪ್ರಕಾರಗಳೂ ಇಲ್ಲಿ ಸಮೃದ್ಧವಾಗಿವೆ. ಆದುದರಿಂದ ನಮ್ಮ ಪರಿಶೀಲನೆಗೆ ಇದಕ್ಕಿಂತ ಯೋಗ್ಯವಾದ ಪ್ರದೇಶವು ದೊರೆಯಲಾರದು.

೨

ಮುನವಳ್ಳಿಯು ಪ್ರಾಚೀನವಾದ ಊರು. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯವೂ ಸೇವುಣರ ಕಾಲದ ಶಾಸನವೂ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಹದಿನೆಂಟನೆಯ ಶತಮಾನವು ಮುಗಿಯುತ್ತಿದ್ದಾಗ ಅದು ಒಮ್ಮೆ ಇಂಗ್ಲಿಷರ ಸೈನ್ಯದ ಕಾಗದಪತ್ರಗಳಲ್ಲಿಯೂ ಕಾಣಿಸಿಕೊಂಡಿತು. ೧೮೦೦ನೆಯ ಇಸವಿಯ ಜುಲೈ ೩೦ರಂದು ಆರ್ಥರ್ ವೆಲ್ಲೆಸ್ಲಿಯು ಧೋಂಡಿಯಾ ವಾಘನ ಪಾಳೆಯದ ಮೇಲೆ ಮುನವಳ್ಳಿಯ ಎದುರುದಂಡೆಯಲ್ಲಿ ಬಿದ್ದನು. ಮಳೆಗಾಲದ ಮಲಪ್ರಭೆಯು ತುಂಬಿ ಹರಿಯುತ್ತಿತ್ತು. ಆಚೆಯ ದಂಡೆಯು ಕಣ್ಣಿಗೆ ಕಾಣುತ್ತಿದ್ದರೂ ಅನೇಕರು ಅದನ್ನು ಮುಟ್ಟಲಾರದೆ ನೀರಿನ ಪಾಲಾದರು.

ಈ ಪ್ರಸಂಗವನ್ನು ಇಲ್ಲಿ ಸ್ಮರಿಸುವುದಕ್ಕೆ ಕಾರಣವಿದೆ. ದೂರವೆಂದರೆ ಹರದಾರಿಗಳ ಲೆಕ್ಕವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಜವಾಗಿ ನೋಡಿದರೆ ದೂರವು ಕಾಲದ ಲೆಕ್ಕ. ಹೊಳೆ ಇಳಿದಾಗ ಎದುರುದಂಡೆಯು ಐದು ನಿಮಿಷದ ಹಾದಿ. ಹೊಳೆ ಏರಿದಾಗ ಅದೇ ದಂಡೆಯು ಎಂಟು ದಿನದ ಹಾದಿ. ಸಂಗೀತವಂತೂ ಕಾಲದಲ್ಲಿಯೇ ಹುಟ್ಟಿ ಕಾಲದಲ್ಲಿಯೇ ಕರಗುವ ಕಲೆ. ಆದಕಾರಣ ಸಂಗೀತಗಾರರ ನಡುವಣ ಅಂತರವನ್ನು ಅಳೆಯಬೇಕಾದರೆ ಕೇಳಬೇಕಾದ ಪ್ರಶ್ನೆಯು ‘ಎಷ್ಟು ದೂರ?’ ಎಂಬುದಲ್ಲ, ‘ಒಬ್ಬನು ನುಡಿದುದಕ್ಕೆ ಇನ್ನೊಬ್ಬನ ಮರುನುಡಿಯು ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತದೆ?’ ಎಂಬುದು. ಮುಂದಿನ ವಿವೇಚನೆಯಲ್ಲಿ ಈ ಒಂದು ಅಳತೆಗೋಲನ್ನೇ ನಾವು ಬಳಸುತ್ತೇವೆ.

ಈ ನಾಡಿನ ಸ್ವಂತ ಗಾನಪ್ರಕಾರಗಳನ್ನು ನೋಡಿದರೆ ಮರುನುಡಿಯ ಮಹತ್ವವು ಸ್ಪಷ್ಟವಾಗುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ಪದಗಳನ್ನು ಹಾಡುವಾಗ ಮುಖ್ಯ ಗಾಯಕರು ಚೌಡಿಕೆಯನ್ನು ಮೀಟುತ್ತ ನುಡಿಯನ್ನು ಎತ್ತುತ್ತಾರೆ. ಶ್ರುತಿ ಹಿಡಿದವರು, ತಾಳ ಹಿಡಿದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಗೋಕಾಕ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನು ರೂಢಿಗೆ ತಂದ, ಕೌಜಲಗಿ ನಿಂಗಮ್ಮನು ಮೆರೆಸಿದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿಯೂ ಹಿಮ್ಮೇಳವು ಮುಮ್ಮೇಳದ ಬೆನ್ನಿಗೇ ನಿಂತಿರುತ್ತದೆ. ಪಾತ್ರಧಾರಿಯ ಸೊಲ್ಲು ಮುಗಿಯುವ ಮೊದಲೇ ಹಿಮ್ಮೇಳದವರ ದನಿ ಅದರ ಮೇಲೆ ಬಂದು ಕೂಡುತ್ತದೆ. ಕರಡಿ ಮಜಲಿನಲ್ಲಿ ಸನಾದಿ, ಕರಡಿ, ತಾಳಗಳು ಬೀದಿಯಲ್ಲಿ ನಡೆಯುತ್ತಲೇ ಒಂದನ್ನೊಂದು ಕೆಣಕುತ್ತವೆ. ಭಜನೆಯ ಮೇಳದಲ್ಲಿ ಒಬ್ಬನು ಹೇಳಿಕೊಟ್ಟುದನ್ನು ಹತ್ತು ಜನರು ಹಿಡಿಯುತ್ತಾರೆ. ಇವುಗಳಲ್ಲಿ ಒಂದಾದರೂ ಒಬ್ಬನೇ ಕುಳಿತು ಪೂರ್ತಿಗೊಳಿಸಬಹುದಾದ ಸಂಗೀತವಲ್ಲ. ಇವೆಲ್ಲವೂ ಒಂದು ಕೂಗಳತೆಯ ಒಳಗೆ ಬೆಳೆದು ಬಂದ ಕಲೆಗಳು.

೩

ಕೂಗಳತೆಯನ್ನು ಮೀರಿದ ಮೊದಲ ಸಾಧನವು ಸಂಚಾರ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲುಮಾರ್ಗವು ಈ ಭಾಗಕ್ಕೆ ಬಂದ ಮೇಲೆ ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳು ಒಂದು ಸರಪಳಿಯ ಕೊಂಡಿಗಳಾದವು. ನಾಟಕ ಕಂಪನಿಗಳು ಈ ದಾರಿಯಲ್ಲಿ ಓಡಾಡಿದವು. ಅವುಗಳ ಹಿಂದೆಯೇ ಗಾಯಕರೂ ಬಂದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು (೧೮೭೨–೧೯೩೭) ಮೀರಜದಲ್ಲಿ ನೆಲೆಸಿ ಧಾರವಾಡ, ಹುಬ್ಬಳ್ಳಿ, ಮೈಸೂರುಗಳಿಗೆ ಸಂಚರಿಸುತ್ತಿದ್ದರು. ಕುಂದಗೋಳದ ರಾಮಭಾವು ಅವರಿಂದ ಕಲಿತು ಸವಾಯಿ ಗಂಧರ್ವರೆಂದು (೧೮೮೬–೧೯೫೨) ಪ್ರಸಿದ್ಧರಾದರು. ಕಡೆಗೆ ಖಾನರು ದೇಹವಿಟ್ಟುದೂ ಪ್ರಯಾಣದ ನಡುವೆಯೇ: ೧೯೩೭ರ ಅಕ್ಟೋಬರಿನಲ್ಲಿ ಪುದುಚೇರಿಗೆ ಹೋಗುತ್ತಿದ್ದಾಗ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲುನಿಲ್ದಾಣದಲ್ಲಿ.

ಮುನವಳ್ಳಿಯು ಈ ಸರಪಳಿಯ ಹೊರಗುಳಿಯಿತು. ಇಂದಿಗೂ ಅದು ರೈಲುಮಾರ್ಗದ ಮೇಲಿಲ್ಲ. ಆದರೆ ರೈಲಿನ ಹತ್ತಿರವಿದ್ದವರಿಗೂ ವಿದ್ಯೆಯು ಸುಲಭವಾಗಿ ಒದಗಲಿಲ್ಲವೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಶಿಷ್ಯವೃತ್ತಿಯೇ ನಿದರ್ಶನ. ಸವಾಯಿ ಗಂಧರ್ವರು ರಂಗಭೂಮಿಯ ತಿರುಗಾಟವನ್ನು ಬಿಟ್ಟು ಕುಂದಗೋಳದಲ್ಲಿ ನಿಂತ ಮೇಲೆ, ೧೯೩೦ರ ದಶಕದ ಕೊನೆಯ ವರ್ಷಗಳಲ್ಲಿ, ಅವರು ಹುಬ್ಬಳ್ಳಿಯಿಂದ ಗಾಡಿ ಹಿಡಿದು ಗುರುಗಳ ಮನೆಗೆ ಹೋಗಿ ಪಾಠ ಮುಗಿಸಿಕೊಂಡು ಮರಳುತ್ತಿದ್ದರು. ಎರಡು ಊರುಗಳ ನಡುವೆ ಇರುವುದು ಸುಮಾರು ೨೦ ಕಿಲೋಮೀಟರು. ಗುರುವು ಒಂದು ಸ್ವರಪುಂಜವನ್ನು ಕೊಟ್ಟು ಅದನ್ನೇ ಮತ್ತೆ ಮತ್ತೆ ಹಾಡಿಸಿ, ತಪ್ಪಿದ ಕ್ಷಣದಲ್ಲಿಯೇ ತಿದ್ದುವ ಪದ್ಧತಿ ಅದು. ಆ ತಿದ್ದುಗೆಗಾಗಿಯೇ ಅಷ್ಟು ಓಡಾಟ.

ಇದೇ ಕಾಲದಲ್ಲಿ ಸ್ವರಲಿಪಿಯೂ ದೂರವನ್ನು ದಾಟುವ ಒಂದು ಸಾಧನವಾಯಿತು. ಭಾತಖಂಡೆಯವರ ಮತ್ತು ವಿಷ್ಣು ದಿಗಂಬರ ಪಲುಸ್ಕರರ ಲಿಪಿಪದ್ಧತಿಗಳಿಂದ ಚೀಜುಗಳು ಅಂಚೆಯಲ್ಲಿ ಪ್ರಯಾಣ ಮಾಡಬಲ್ಲವಾದವು. ಆದರೆ ಲಿಪಿಯು ಚೀಜಿನ ಎಲುಬುಗಳನ್ನು ಮಾತ್ರ ಒಯ್ಯಿತು. ಮೀಂಡು, ಆಂದೋಲನ, ಉಸಿರಿನ ನಿಲುವು ಕಾಗದದ ಮೇಲೆ ಇಳಿಯಲಿಲ್ಲ.

೪

ಧ್ವನಿಯನ್ನೇ ಒಯ್ಯಬಲ್ಲ ಸಾಧನವು ೧೯೦೨ರಲ್ಲಿ ಬಂದಿತು. ಆ ವರ್ಷ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ಗ್ರಾಮೊಫೋನಿಗಾಗಿ ಮುದ್ರಿಸಿಕೊಂಡನು. ಆ ಗಾಯಕಿಯು ಕಡೆಯ ದಿನಗಳಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡಳೆಂಬುದನ್ನು ಕನ್ನಡಿಗರು ನೆನೆಯಬೇಕು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಷ್ಟು ಸಂಗೀತವು ಹಿಡಿಯುತ್ತಿತ್ತು. ಗಂಟೆಗಟ್ಟಲೆ ಅರಳುವ ರಾಗವನ್ನು ಮೂರು ನಿಮಿಷಗಳಲ್ಲಿ ಅಡಕಮಾಡುವ ಹೊಸ ಕಲೆಯನ್ನು ಗಾಯಕರು ಕಲಿಯಬೇಕಾಯಿತು.

ಈ ತಟ್ಟೆಗಳು ನಮ್ಮ ಪ್ರದೇಶದಲ್ಲಿ ಮಾಡಿದ ಕೆಲಸವನ್ನು ಇಬ್ಬರು ಬಾಲಕರ ಜೀವನದಿಂದ ತಿಳಿಯಬಹುದು. ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ, ಮುಂದೆ ಕುಮಾರ ಗಂಧರ್ವ, ಇನ್ನೂ ಏಳೆಂಟು ವರ್ಷದವನಿರುವಾಗಲೇ ದೊಡ್ಡ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಇದ್ದುದನ್ನು ಇದ್ದಂತೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸಿದನು. ಗದಗ ಸೀಮೆಯ ಭೀಮಸೇನ ಜೋಶಿಯು (೧೯೨೨–೨೦೧೧) ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿ, ಅಂತಹ ಗಾಯನವನ್ನು ಕಲಿಸುವ ಗುರುವನ್ನು ಹುಡುಕುತ್ತ ೧೯೩೩ರಲ್ಲಿ ಮನೆಬಿಟ್ಟು ಹೊರಟನು. ಗ್ವಾಲಿಯರವನ್ನೂ ಜಾಲಂಧರವನ್ನೂ ಸುತ್ತಿದನು. ಜಾಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಅವನನ್ನು ಕಂಡು, ಸವಾಯಿ ಗಂಧರ್ವರು ನಿನ್ನ ಊರಿನ ಹತ್ತಿರವೇ ಇರುವಾಗ ಇಷ್ಟು ದೂರ ಏಕೆ ಬಂದೆಯೆಂಬ ಭಾವದ ಮಾತನ್ನಾಡಿದರೆಂದು ಪ್ರಸಿದ್ಧಿಯಿದೆ. ಹಾಗೆ ಸಾವಿರಾರು ಮೈಲಿ ಸುತ್ತಿಬಂದ ಹುಡುಗನು ಕುಂದಗೋಳದಲ್ಲಿ ಶಿಷ್ಯನಾಗಿ ನಿಂತನು.

ಈ ಎರಡು ಚರಿತ್ರೆಗಳ ಅರ್ಥವು ಒಂದೇ. ಧ್ವನಿಮುದ್ರಿಕೆಯು ದಾಹವನ್ನು ಹುಟ್ಟಿಸಿತು, ಅನುಕರಣೆಯನ್ನೂ ಕಲಿಸಿತು, ಆದರೆ ಕೇಳುವವನು ತಪ್ಪಿದಾಗ ಅದು ‘ಅಲ್ಲ’ ಎನ್ನಲಿಲ್ಲ, ಸರಿಯಾಗಿ ಹಾಡಿದಾಗ ‘ಭಲೆ’ ಎನ್ನಲಿಲ್ಲ. ತಟ್ಟೆಗಳನ್ನೆಲ್ಲ ಒಪ್ಪಿಸಬಲ್ಲವನಾಗಿದ್ದ ಕುಮಾರನೂ ಮುಂಬಯಿಗೆ ಹೋಗಿ ಬಿ. ಆರ್. ದೇವಧರರ ಬಳಿ ಕಲಿಯಬೇಕಾಯಿತು. ನಮ್ಮ ಅಳತೆಗೋಲಿನಿಂದ ನೋಡಿದರೆ ಗ್ರಾಮೊಫೋನಿನಲ್ಲಿ ಮರುನುಡಿಯು ಎಂದೆಂದಿಗೂ ಬಾರದು.

ಆಕಾಶವಾಣಿಯು ಮೂರನೆಯ ಸಾಧನ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪ್ರಸಾರ ಕೇಂದ್ರವನ್ನು ಆರಂಭಿಸಿದ್ದರು. ಧಾರವಾಡದ ಕೇಂದ್ರವು ೧೯೫೦ರ ಜನವರಿ ೮ರಂದು ಪ್ರಾರಂಭವಾಯಿತು. ಅಂದಿನಿಂದ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲರ ಗಾಯನವು ರೈಲು ಮುಟ್ಟದ ಊರುಗಳನ್ನೂ ಅವರು ಹಾಡುತ್ತಿದ್ದ ಕ್ಷಣದಲ್ಲಿಯೇ ಮುಟ್ಟಿತು. ಮುನವಳ್ಳಿಯಂತಹ ಊರುಗಳಿಗೆ ಇದು ಸಾಮಾನ್ಯ ಲಾಭವಲ್ಲ. ಆದರೆ ರೇಡಿಯೋದ ದಾರಿಯು ಏಕಮುಖವಾದುದು. ಕೇಂದ್ರದಿಂದ ಊರಿಗೆ ದನಿ ಬರುತ್ತಿತ್ತು. ಊರಿನ ದನಿಯು ಹಾಡುವವರಿಗೆ ಕೇಳಿಸುತ್ತಿರಲಿಲ್ಲ.

೫

ಡಿಜಿಟಲ್ ತಂತ್ರವು ತಂದ ಮುಖ್ಯ ವ್ಯತ್ಯಾಸವೆಂದರೆ ಎರಡೂ ದಿಕ್ಕಿನ ಹಾದಿ. ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕಾದರೆ, ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಆ ಅಳತೆಗಳನ್ನು ಅಂಕಿಗಳಲ್ಲಿ ಬರೆದಿಡಲಾಗುತ್ತದೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸೀಡಿ ತಟ್ಟೆಯಲ್ಲಿ ಈ ಅಳತೆಯು ಸೆಕೆಂಡಿಗೆ ೪೪,೧೦೦ ಸಲ ನಡೆಯುತ್ತದೆ. ೧೯೯೫ರ ಆಗಸ್ಟ್ ೧೫ರಂದು ಭಾರತದಲ್ಲಿ ಅಂತರ್ಜಾಲವು ಸಾರ್ವಜನಿಕರಿಗೆ ದೊರೆಯತೊಡಗಿತು. ೨೦೧೬ರ ಅನಂತರ ಮೊಬೈಲಿನ ಮೂಲಕ ಅಗ್ಗದ ದರದಲ್ಲಿ ಅದು ಹಳ್ಳಿಗಳಿಗೂ ಹಬ್ಬಿತು. ಹೀಗೆ ರೈಲು ಬಾರದ ಊರಿಗೆ ರೈಲಿಗಿಂತ ವೇಗದ ಹಾದಿಯೊಂದು ಬಂದಿತು.

ಆದರೆ ಈ ಹಾದಿಯಲ್ಲಿಯೂ ದನಿಯು ಕಾಲವನ್ನು ತೆಗೆದುಕೊಳ್ಳುತ್ತದೆ. ಇಲ್ಲಿಯ ಲೆಕ್ಕವನ್ನು ಸೆಕೆಂಡಿನ ಸಾವಿರದ ಒಂದು ಪಾಲಾದ ಮಿಲಿಸೆಕೆಂಡಿನಲ್ಲಿ ಮಾಡಬೇಕು. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೩೪೩ ಮೀಟರು. ಅಂದರೆ ಭಜನೆಯಲ್ಲಿ ೪ ಮೀಟರು ಅಂತರದಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನ ತಾಳವು ಇನ್ನೊಬ್ಬನ ಕಿವಿಗೆ ಮುಟ್ಟಲು ೧೨ ಮಿಲಿಸೆಕೆಂಡುಗಳಷ್ಟು ಬೇಕು. ಮಜಲಿನಲ್ಲಿ ೧೦ ಮೀಟರು ಹಿಂದೆ ನಡೆಯುವವನಿಗೆ ೨೯ ಮಿಲಿಸೆಕೆಂಡು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಅವರ ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ನಡುವಣ ವಿಳಂಬವನ್ನು ಬದಲಿಸುತ್ತ ಕೂಡಿ ಚಪ್ಪಾಳೆ ತಟ್ಟಿಸಿ ನೋಡಿದರು. ೨೦೦೪ರಲ್ಲಿ ಪ್ರಕಟವಾದ ಅವರ ಫಲಿತಾಂಶವು ವಿಚಾರಾರ್ಹವಾದುದು. ಹನ್ನೊಂದೂವರೆ ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಲಯವು ಸ್ಥಿರವಾಗಿ ನಿಂತಿತು. ಅದಕ್ಕಿಂತ ವಿಳಂಬವು ಹೆಚ್ಚಿದಾಗ ಲಯವು ಕುಸಿಯತೊಡಗಿತು. ಕಡಿಮೆಯಾದಾಗ ಲಯವು ಏರತೊಡಗಿತು! ಮನುಷ್ಯನ ಲಯಪ್ರಜ್ಞೆಗೆ ಹಿತವಾದ ಅಂತರವು ಸೊನ್ನೆಯಲ್ಲ, ಸುಮಾರು ನಾಲ್ಕು ಮೀಟರು ಎಂದು ಇದರಿಂದ ಹೇಳಬಹುದು. ಅದು ನಮ್ಮ ಭಜನೆಯ ಮೇಳಗಳೂ ಪಾರಿಜಾತದ ಹಿಮ್ಮೇಳವೂ ಯಾರೂ ಹೇಳಿಕೊಡದೆಯೇ ಕಂಡುಕೊಂಡ ಅಂತರ. ೨೫ ಮಿಲಿಸೆಕೆಂಡುಗಳನ್ನು ದಾಟಿದ ಮೇಲೆ ಲಯವು ಹಿಂದೆಗೆಯುವುದೆಂದೂ, ೬೦ನ್ನು ಮೀರಿದರೆ ಕೂಡಿ ನುಡಿಸುವುದೇ ಕಷ್ಟವೆಂದೂ ಮುಂದಿನ ಪ್ರಯೋಗಗಳಿಂದ ತಿಳಿದುಬಂದಿತು.

ಈಗ ಈ ಅಳತೆಯನ್ನು ಭೂಪಟದ ಮೇಲೆ ಇಟ್ಟು ನೋಡೋಣ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಮುನವಳ್ಳಿಯಿಂದ ಬೆಂಗಳೂರಿಗೆ ೫೦೦ ಕಿಲೋಮೀಟರಿನ ತಂತುವೆಂದು ಹಿಡಿದರೆ ಹೋಗಲು ಬೇಕಾಗುವುದು ಎರಡೂವರೆ ಮಿಲಿಸೆಕೆಂಡು ಮಾತ್ರ. ಯಂತ್ರಗಳಲ್ಲಿ ಧ್ವನಿಯನ್ನು ಅಂಕಿಯಾಗಿಸಲು, ಅಂಕಿಯನ್ನು ಧ್ವನಿಯಾಗಿಸಲು ತಗಲುವ ಕಾಲವನ್ನು ಕೂಡಿಸಿದರೂ, ಹಾದಿಯು ನಿರಾತಂಕವಾಗಿದ್ದರೆ, ಕರ್ನಾಟಕದ ಒಳಗೆ ಕೂಡಿ ನುಡಿಸಲು ಪ್ರಕೃತಿಯ ಅಡ್ಡಿಯಿಲ್ಲ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು ೧೪,೦೦೦ ಕಿಲೋಮೀಟರು. ಎಂತಹ ಯಂತ್ರವಿದ್ದರೂ ಅಲ್ಲಿಗೆ ದನಿ ಮುಟ್ಟಲು ೭೦ ಮಿಲಿಸೆಕೆಂಡುಗಳಾದರೂ ಬೇಕೇಬೇಕು. ನಿಮಿಷಕ್ಕೆ ೬೦ ಮಾತ್ರೆಗಳ ತೀನತಾಲದಲ್ಲಿ ಗಾಯಕನೂ ತಬಲಾದವನೂ ಒಬ್ಬರಿಗೊಬ್ಬರು ಕಾಯುತ್ತ ಪ್ರತಿಮಾತ್ರೆಗೂ ಇಷ್ಟು ತಡೆದರೆ, ೧೬ ಸೆಕೆಂಡಿನ ಒಂದು ಆವರ್ತನವು ೧೭ ಸೆಕೆಂಡಿಗೂ ಮೀರಿ ಹಿಗ್ಗುತ್ತದೆ; ನಾಲ್ಕಾರು ಆವರ್ತನಗಳಲ್ಲಿ ಲಯವೇ ಉಳಿಯುವುದಿಲ್ಲ. ಆದುದರಿಂದ ‘ದೂರವು ಅಳಿದುಹೋಯಿತು’ ಎಂಬ ಮಾತು ಅರ್ಧಸತ್ಯ. ನಾಡಿನೊಳಗಿನ ದೂರವು ಅಳಿಯಬಲ್ಲದು. ಸಾಗರದಾಚೆಯ ದೂರವು ಅಳಿಯಲಾರದು.

ಮೊಬೈಲಿನ ಹಾದಿಯಲ್ಲಿ ನಾಡಿನೊಳಗಿನ ದೂರವೂ ಸುಲಭವಾಗಿ ಅಳಿಯುವುದಿಲ್ಲವೆಂಬುದನ್ನು ಸೇರಿಸಿ ಹೇಳಬೇಕು. ಅಲ್ಲಿ ವಿಳಂಬವು ಹೆಚ್ಚು. ಮೇಲಾಗಿ ಅದು ಒಂದೇ ಸಮನಾಗಿರುವುದಿಲ್ಲ. ನಿಶ್ಚಿತವಾದ ವಿಳಂಬಕ್ಕೆ ಕಲಾವಿದನು ಹೊಂದಿಕೊಂಡಾನು. ಕ್ಷಣಕ್ಷಣಕ್ಕೂ ಬದಲಾಗುವ ವಿಳಂಬಕ್ಕೆ ಹೊಂದಿಕೊಳ್ಳುವ ಬಗೆಯಿಲ್ಲ. ಹೊಳೆ ತುಂಬಿದ್ದರೆ ಕಾಯಬಹುದು. ಏರುವುದೋ ಇಳಿಯುವುದೋ ತಿಳಿಯದಿದ್ದರೆ ಯಾವ ಅಂಬಿಗನೂ ಹರಿಗೋಲನ್ನು ನೀರಿಗಿಳಿಸುವುದಿಲ್ಲ.

೬

ಈ ವಿಳಂಬವನ್ನು ಎದುರಿಸಲು ಸಂಗೀತಗಾರರು ಮೂರು ಮಾರ್ಗಗಳನ್ನು ಹಿಡಿದಿದ್ದಾರೆ.

ಮೊದಲನೆಯದು ವಿಳಂಬವನ್ನು ಆದಷ್ಟು ಕುಗ್ಗಿಸುವ ಮಾರ್ಗ. ಸ್ಟ್ಯಾನ್‌ಫರ್ಡಿನ ಜಾಕ್‌ಟ್ರಿಪ್, ಜರ್ಮನಿಯಲ್ಲಿ ಹುಟ್ಟಿದ ಜಾಮ್ಯುಲಸ್ ಮೊದಲಾದ ತಂತ್ರಾಂಶಗಳು ಈ ಬಗೆಯವು. ೨೦೦೮ರಲ್ಲಿ ಸ್ಟ್ಯಾನ್‌ಫರ್ಡಿನ ಮತ್ತು ಬೀಜಿಂಗಿನ ಕಲಾವಿದರು ಪೆಸಿಫಿಕ್ ಸಾಗರದ ಎರಡು ದಡಗಳಲ್ಲಿ ಕುಳಿತು ಒಂದೇ ಕಛೇರಿಯನ್ನು ನಡೆಸಿದರು. ವಿಳಂಬವು ಹಿತದ ಮಿತಿಯನ್ನು ಮೀರಿದುದರಿಂದ, ಅದನ್ನು ಸಹಿಸಬಲ್ಲ ಕೃತಿಯೊಂದನ್ನು ಅವರು ಆರಿಸಿಕೊಂಡರು. ಅದು ಟೆರಿ ರೈಲಿಯವರು ೧೯೬೪ರಲ್ಲಿ ರಚಿಸಿದ ‘ಇನ್ ಸಿ’. ಅದರಲ್ಲಿ ಪ್ರತಿಯೊಬ್ಬ ವಾದಕನೂ ಚಿಕ್ಕ ಚಿಕ್ಕ ಸ್ವರಪುಂಜಗಳನ್ನು ತನಗೆ ಬೇಕಾದಷ್ಟು ಸಲ ಆವರ್ತಿಸುತ್ತಾನೆ. ಒಬ್ಬರು ತುಸು ಮುಂದೆ, ಒಬ್ಬರು ತುಸು ಹಿಂದೆ ಆದರೆ ಅದು ದೋಷವಲ್ಲ, ಅದೇ ಅಂದ. ಈ ರೈಲಿಯವರು ಮುಂದೆ ೧೯೭೦ರಲ್ಲಿ ಪಂಡಿತ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯವರು, ಎಂದರೆ ಕುಂದಗೋಳಕ್ಕೆ ಬಂದ ವಿದ್ಯೆಯ ಇನ್ನೊಂದು ಕವಲಿನವರು. ವಿದ್ಯೆಯ ಹಾದಿಗಳು ಎಲ್ಲಿ ಕೂಡುವವೆಂದು ಮೊದಲೇ ಹೇಳಲಾಗದು.

ಎರಡನೆಯದು ವಿಳಂಬವನ್ನು ಕುಗ್ಗಿಸದೆ ಹಿಗ್ಗಿಸುವ ಮಾರ್ಗ. ೨೦೦೫ರಲ್ಲಿ ಬಂದ ನಿಂಜಾಮ್ ಎಂಬ ತಂತ್ರಾಂಶದಲ್ಲಿ ವಿಳಂಬವನ್ನು ಬೇಕೆಂದೇ ಒಂದು ಪೂರ್ತಿ ಆವರ್ತನದಷ್ಟು ಮಾಡಲಾಗುತ್ತದೆ. ನಾನು ಈಗ ಕೇಳುವುದು ನನ್ನ ಜೊತೆಗಾರನು ಹಿಂದಿನ ಆವರ್ತನದಲ್ಲಿ ನುಡಿಸಿದುದು. ಅವನು ಕೇಳುವುದೂ ಹಾಗೆಯೇ. ತಾಳಬದ್ಧವಾದ ನಮ್ಮ ಸಂಗೀತಕ್ಕೆ ಈ ಉಪಾಯವು ತಕ್ಕಮಟ್ಟಿಗೆ ಒಗ್ಗುತ್ತದೆ. ಠೇಕಾ ತಿರುಗುವಂಥದಾದುದರಿಂದ ಹಿಂದಿನ ಆವರ್ತನದ ಠೇಕಾದ ಮೇಲೆ ಹಾಡಿದರೂ ‘ಸಮ್’ ತಪ್ಪುವುದಿಲ್ಲ. ಆದರೆ ಗಾಯಕನು ತಿಹಾಯಿಯನ್ನು ಹಿಡಿದು ಸಮ್ಮಿಗೆ ಬಂದಾಗ ತಬಲಾದವನು ಅದನ್ನು ಗುರುತಿಸಿ ಕೂಡಿ ಬರುವ ಆನಂದವು ಇಲ್ಲಿಲ್ಲ; ಅವನ ಮೆಚ್ಚುಗೆಯು ಒಂದು ಆವರ್ತನ ಕಳೆದು ಬರುತ್ತದೆ. ಸವಾಲು ಇಂದಿನದು, ಜವಾಬು ನಾಳೆಯದು.

ಮೂರನೆಯದು ಏಕಕಾಲತೆಯನ್ನೇ ಬಿಟ್ಟುಕೊಡುವ ಮಾರ್ಗ. ಒಬ್ಬನು ತನ್ನ ಭಾಗವನ್ನು ಮುದ್ರಿಸಿ ಕಳುಹಿಸುತ್ತಾನೆ. ಇನ್ನೊಬ್ಬನು ಅದನ್ನು ಕೇಳುತ್ತ ತನ್ನ ಭಾಗವನ್ನು ಅದರ ಮೇಲೆ ಮುದ್ರಿಸುತ್ತಾನೆ. ಪದರದ ಮೇಲೆ ಪದರ ಕೂಡಿ ಕೃತಿಯಾಗುತ್ತದೆ. ೨೦೧೦ರಲ್ಲಿ ಎರಿಕ್ ವಿಟೇಕರ್ ಎಂಬ ಅಮೆರಿಕದ ಸಂಗೀತ ರಚನಕಾರರು ೧೨ ದೇಶಗಳ ೧೮೫ ಗಾಯಕರ ಬಿಡಿ ಧ್ವನಿಗಳನ್ನು ಹೀಗೆ ಕೂಡಿಸಿ ಒಂದು ವೃಂದಗಾನವನ್ನು ಮಾಡಿದರು. ಕರ್ನಾಟಕದ ಮಟ್ಟಿಗೆ ಇದರ ಪ್ರಸಿದ್ಧ ಉದಾಹರಣೆಯು ಬೆಂಗಳೂರಿನ ರಿಕಿ ಕೇಜ್ ಮತ್ತು ಅಮೆರಿಕದಲ್ಲಿರುವ ತಾಳವಾದಕ ಸ್ಟೂವರ್ಟ್ ಕೋಪ್‌ಲೆಂಡ್ ಇವರ ‘ಡಿವೈನ್ ಟೈಡ್ಸ್’. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ತಮ್ಮ ತಮ್ಮ ಊರುಗಳಲ್ಲಿದ್ದುಕೊಂಡೇ ಅವರು ಅದನ್ನು ಸಿದ್ಧಪಡಿಸಿದರು. ೨೦೨೧ರಲ್ಲಿ ಅದು ಹೊರಬಂದು ೨೦೨೨ರ ಏಪ್ರಿಲ್‌ನಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಪದರಗಳ ಮಾರ್ಗದಿಂದ ಶ್ರೇಷ್ಠವಾದ ಕೃತಿಗಳು ಹುಟ್ಟಲಾರವೆಂಬ ಮಾತನ್ನು ಇನ್ನು ಹೇಳಬರುವಂತಿಲ್ಲ. ಆದರೆ ಈ ಮಾರ್ಗದಲ್ಲಿ ಮೊದಲು ಮುದ್ರಿಸಿದವನು ಕೊನೆಗೆ ಮುದ್ರಿಸಿದವನನ್ನು ಕೇಳಿ ತನ್ನ ನುಡಿಯನ್ನು ಆ ಕ್ಷಣದಲ್ಲಿ ಬದಲಿಸಲಾರನು. ಒಟ್ಟಿನಲ್ಲಿ ಇದು ಗ್ರಾಮೊಫೋನಿನ ವಂಶದ್ದು, ಕೂಗಳತೆಯ ಮೇಳದ ವಂಶದ್ದಲ್ಲ.

೭

ಇನ್ನು ಶಿಕ್ಷಣದ ವಿಷಯ. ೨೦೨೦ರ ಮಾರ್ಚ್ ೨೫ರಂದು ದೇಶವೇ ಬಾಗಿಲು ಮುಚ್ಚಿದಾಗ ಸಂಗೀತದ ಪಾಠವು ಒಮ್ಮೆಲೇ ಪರದೆಯ ಮೇಲೆ ಬಂದಿತು. ಅದಕ್ಕೂ ಮೊದಲೇ ಹೊರದೇಶಗಳಲ್ಲಿರುವ ಕನ್ನಡದ ಕುಟುಂಬಗಳ ಮಕ್ಕಳು ಇಲ್ಲಿಯ ಗುರುಗಳಿಂದ ಹೀಗೆ ಕಲಿಯುತ್ತಿದ್ದರು. ಪಾಠಕ್ಕೆ ಮೇಲೆ ಹೇಳಿದ ವಿಳಂಬವು ಅಷ್ಟಾಗಿ ಬಾಧಕವಲ್ಲ. ಗುರುವು ಹಾಡಿ ನಿಲ್ಲಿಸುತ್ತಾನೆ, ಶಿಷ್ಯನು ಹಾಡುತ್ತಾನೆ. ನಡುವೆ ಅರ್ಧ ಸೆಕೆಂಡು ಕಳೆದರೆ ಕೇಡಿಲ್ಲ. ತಪ್ಪಿದ್ದನ್ನು ಗುರುವು ತಿದ್ದಬಲ್ಲನು. ಗ್ರಾಮೊಫೋನು ಕೊಡಲಾರದಿದ್ದುದನ್ನು, ಅಂದರೆ ‘ಅಲ್ಲ’ ಎಂಬ ಮಾತನ್ನು, ಡಿಜಿಟಲ್ ಪಾಠವು ಕೊಟ್ಟಿತು. ಹನ್ನೊಂದು ವರ್ಷದ ಹುಡುಗನೊಬ್ಬನು ಇಂದು ಗುರುವನ್ನು ಅರಸಿ ಜಾಲಂಧರದವರೆಗೆ ಅಲೆಯಬೇಕಾಗಿಲ್ಲ. ಇದು ನಿಜವಾದ ಲಾಭ. ಅದನ್ನು ಕೃತಜ್ಞತೆಯಿಂದ ಒಪ್ಪಬೇಕು.

ಆದರೆ ಎರಡು ಕೊರತೆಗಳನ್ನು ಗಮನಿಸಬೇಕು. ಒಂದು, ಗುರುಶಿಷ್ಯರು ಕೂಡಿ ಹಾಡಲಾರರು. ಶಿಷ್ಯನ ದನಿ ತಡವರಿಸುವಾಗ ಗುರುವು ತನ್ನ ದನಿಯನ್ನು ಅದರ ಕೆಳಗೆ ಆಸರೆಯಾಗಿ ಇಡುವ ಕ್ರಮವು, ಬೈಠಕಿನಲ್ಲಿ ಹಿಂದೆ ಕುಳಿತು ತಂಬೂರಿ ಮೀಟುತ್ತ ದನಿಗೂಡಿಸುವ ಅಭ್ಯಾಸವು, ಪರದೆಯ ಮೇಲೆ ನಡೆಯದು. ಎರಡು, ತಂಬೂರಿಯದೇ ಕಥೆ. ಸಭೆ ಮಾತುಕತೆಗಳಿಗೆಂದು ರಚಿತವಾದ ತಂತ್ರಾಂಶಗಳು ಮಾತನ್ನು ಮಾತ್ರ ದನಿಯೆಂದು ಬಗೆದು, ಎಡೆಬಿಡದೆ ಒಂದೇ ಸಮನಾಗಿ ಕೇಳುವುದನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ. ಎಡೆಬಿಡದೆ ಒಂದೇ ಸಮನಾಗಿ ನುಡಿಯುವುದೇ ತಂಬೂರಿಯ ಧರ್ಮ! ಹೀಗಾಗಿ ಮೀರಜದ ಕುಶಲಕರ್ಮಿಗಳು ತಲೆಮಾರುಗಳಿಂದ ಸಾಧಿಸಿದ, ೨೦೨೪ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದ ಆ ನಾದವನ್ನೇ ಯಂತ್ರವು ಮೊದಲು ಹೊರದೂಡಿತು. ಸಂಗೀತಗಾರರ ಅಗತ್ಯವನ್ನರಿತು ಜೂಮ್ ಸಂಸ್ಥೆಯು ೨೦೨೦ರಲ್ಲಿ ಸಂಗೀತಕ್ಕೆಂದೇ ಬೇರೆ ಏರ್ಪಾಡನ್ನು ಸೇರಿಸಿತು. ಗುರುವೂ ಶಿಷ್ಯನೂ ತಮ್ಮ ತಮ್ಮಲ್ಲಿ ಒಂದೊಂದು ವಿದ್ಯುತ್ ತಂಬೂರಿಯನ್ನು ಇರಿಸಿಕೊಳ್ಳುವುದು ಇನ್ನೊಂದು ಪರಿಹಾರ. ಶ್ರುತಿಯು ಆಗ ಎರಡು ಕಡೆ ಇರುತ್ತದೆ. ಆದರೆ ಇಬ್ಬರೂ ಒಂದೇ ಶ್ರುತಿಯ ಒಳಗೆ ಕುಳಿತಿರುವುದಿಲ್ಲ.

೮

ಇಲ್ಲಿಯವರೆಗಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು.

ದೂರವನ್ನು ದಾಟಿಸುವ ಸಾಧನಗಳನ್ನು ಅವು ಎಷ್ಟು ದೂರ ಮುಟ್ಟುತ್ತವೆಂಬುದರಿಂದ ಅಳೆದರೆ ಅವುಗಳ ಇತಿಹಾಸವು ಒಂದೇ ಏರುಗತಿಯದೆಂದು ಕಾಣುತ್ತದೆ. ಮರುನುಡಿಯು ಎಷ್ಟು ಹೊತ್ತಿಗೆ ಬರುತ್ತದೆಂಬುದರಿಂದ ಅಳೆದರೆ ಬೇರೆಯೇ ಚಿತ್ರವು ಮೂಡುತ್ತದೆ. ಚೌಡಿಕೆಯ ಮೇಳದಲ್ಲಿ ಅದು ತಕ್ಷಣ. ಕುಂದಗೋಳದ ಶಿಷ್ಯೆಗೆ ಒಂದು ಗಾಡಿಯ ಹೊತ್ತು. ಧ್ವನಿಮುದ್ರಿಕೆಯಲ್ಲಿಯೂ ರೇಡಿಯೋದಲ್ಲಿಯೂ ಅದು ಇಲ್ಲವೇ ಇಲ್ಲ. ಡಿಜಿಟಲ್ ಯುಗದಲ್ಲಿ ಅದು ಮರಳಿ ಬಂದಿದೆ, ಆದರೆ ಕೊಂಚ ತಡವಾಗಿ. ಪಾಠಕ್ಕೆ ಆ ತಡವು ಏನೂ ಅಲ್ಲ. ಲಯಕ್ಕೆ ಅದೇ ಸರ್ವಸ್ವ.

ಇದರಿಂದ ಒಂದು ಅಪಾಯವೂ ಒದಗುತ್ತದೆ. ಒಬ್ಬೊಬ್ಬರಾಗಿ ಹಾಡಿ ಪದರಪದರವಾಗಿ ಕೂಡಿಸಬಹುದಾದ ಸಂಗೀತವು ಈ ಹೊಸ ಹಾದಿಯಲ್ಲಿ ಸುಗಮವಾಗಿ ಸಾಗಿ, ಜಗತ್ತಿಗೆ ಕೇಳಿಸಿ, ಮನ್ನಣೆಯನ್ನೂ ಧನವನ್ನೂ ಪಡೆಯುತ್ತದೆ. ಮರುನುಡಿಯಲ್ಲಿಯೇ ಜೀವವಿರುವ ಪಾರಿಜಾತ, ಕರಡಿ ಮಜಲು, ಚೌಡಿಕೆಯ ಪದ, ಭಜನೆ ಇವು ಆ ಹಾದಿಯಲ್ಲಿ ಸಾಗಲಾರದೆ ಊರಿನಲ್ಲಿಯೇ ಉಳಿಯುತ್ತವೆ. ರೈಲು ಹೋದ ಊರುಗಳಿಗೂ ಹೋಗದ ಊರುಗಳಿಗೂ ಹಿಂದೆ ಬಿದ್ದ ಅಂತರವು ಈಗ ಸಾಗಬಲ್ಲ ಸಂಗೀತಕ್ಕೂ ಸಾಗಲಾರದ ಸಂಗೀತಕ್ಕೂ ನಡುವೆ ಬೀಳುವಂತಿದೆ. ಹಾದಿಯು ಹಿಡಿಯಲಾರದ್ದನ್ನು ನಿಕೃಷ್ಟವೆಂದು ಎಣಿಸುವುದು ತಪ್ಪು. ತಂಬೂರಿಯನ್ನು ಗದ್ದಲವೆಂದು ತಿಳಿದ ಯಂತ್ರದ ತಪ್ಪು ಅದು.

ಆದಕಾರಣ ನಮ್ಮ ಮಹಾವಿದ್ಯಾಲಯಗಳ ಸಂಗೀತ ವಿಭಾಗಗಳೂ ಇತಿಹಾಸ ವಿಭಾಗಗಳೂ ಈ ಸಾಧನವನ್ನು ವಿವೇಕದಿಂದ ಬಳಸಬೇಕೆಂದು ನಾವು ಸೂಚಿಸುತ್ತೇವೆ. ರಾಗದ ಪಾಠಕ್ಕೆ, ದೂರದ ಗುರುಗಳ ಸಂಪರ್ಕಕ್ಕೆ, ಪದರಗಳ ರಚನೆಗೆ ಅದನ್ನು ಧಾರಾಳವಾಗಿ ಉಪಯೋಗಿಸಲಿ. ಲಯದ ಮತ್ತು ಸಾಥ್‌ಸಂಗತ್ತಿನ ಶಿಕ್ಷಣಕ್ಕೆ ಒಂದೇ ಜಮಖಾನೆಯ ಮೇಲೆ ಕುಳಿತುಕೊಳ್ಳುವ ಪದ್ಧತಿಯನ್ನು ಕೈಬಿಡದಿರಲಿ. ಮೇಳದ ಕಲೆಗಳನ್ನು ಧ್ವನಿಮುದ್ರಿಸುವಾಗ ಒಬ್ಬೊಬ್ಬರನ್ನೇ ಬಿಡಿಸಿ ಮುದ್ರಿಸದೆ, ಅವರು ಹಾಡುವ ಎಡೆಯಲ್ಲಿ, ಅವರು ನಿಲ್ಲುವ ಅಂತರದಲ್ಲಿ, ಕೂಡಿಯೇ ಮುದ್ರಿಸಲಿ; ಯಾರು ಎಲ್ಲಿ ನಿಂತಿದ್ದರು, ಯಾರ ದನಿಯ ಮೇಲೆ ಯಾರು ಎತ್ತಿಕೊಂಡರು ಎಂಬುದನ್ನು ದಾಖಲಿಸಲಿ. ಅಂತಹ ದಾಖಲೆಯಿಂದ ಮುಂದಿನವರು ಹಾಡನ್ನು ಮಾತ್ರವಲ್ಲ, ಹಾಡುವವರ ನಡುವಣ ಅಂತರವನ್ನೂ ತಿಳಿಯಬಲ್ಲರು.

ಮಲಪ್ರಭೆಗೆ ೧೯೭೦ರ ದಶಕದಲ್ಲಿ ನವಿಲುತೀರ್ಥದ ಬಳಿ ಅಣೆಕಟ್ಟು ಬಂದಿತು. ಹೊಳೆಯ ಮೇಲೆ ಸೇತುವೆಗಳೂ ಆದವು. ೧೮೦೦ರಲ್ಲಿ ದಾಟಲಾಗದಿದ್ದ ನೀರನ್ನು ಇಂದು ಬಂಡಿಗಳು ಯೋಚಿಸದೆಯೇ ದಾಟುತ್ತವೆ. ಡಿಜಿಟಲ್ ತಂತ್ರವು ಸಂಗೀತಕ್ಕೆ ಇಂತಹ ಒಂದು ಸೇತುವೆಯನ್ನು ಕಟ್ಟಿದೆ. ಅದರ ಮೇಲೆ ಯಾವ ಭಾರವು ಸಾಗುವುದು, ಯಾವುದು ಸಾಗದು ಎಂಬುದನ್ನು ಅರಿತು ನಡೆಯುವುದು ವಿದ್ವಾಂಸರ ಮತ್ತು ವಿದ್ಯಾರ್ಥಿಗಳ ಹೊಣೆಯಾಗಿದೆ.